ಮೋರಿ ಪಕ್ಕದ ಸ್ಟೂಲು

ಹೋಟೆಲಿನವರು ನಾಲ್ಕು ಜನ ಸೇರಿದಲ್ಲೆಲ್ಲ ನನಗೆ ಈಗ ಒಂದೇ ಪ್ರಶ್ನೆ. ಮಾಟುಂಗದ ಮದುವೆ ಊಟದಲ್ಲಿ, ಊರಿಗೆ ಹೋಗುವ ಬಸ್ಸಿನಲ್ಲಿ, ಕಳೆದ ವಾರ ವಾಶಿಯ ತರಕಾರಿ ಮಾರ್ಕೆಟ್ಟಿನಲ್ಲಿ ಕೂಡ. "ಆ ಸೈಕಾಲಜಿ ಮೇಡಂ ಹೇಗೆ ಮಾರಾಯ್ರೆ? ಕೊಟ್ಟ ದುಡ್ಡಿಗೆ ಉಪಯೋಗ ಉಂಟಾ?" ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿತು, ಹಾಗಾಗಿ ನಮ್ಮ ಹೋಟೆಲಿನ ಕೆಲಸದ ರೀತಿ ನೋಡಲು ನಾನು ಕರೆಸಿದ್ದ ಆ ಮೇಡಂ ಬಗ್ಗೆ ಬರೆದೇ ಬಿಡುತ್ತೇನೆ. ಅವರ ಹೆಸರು ಹಾಕುವುದಿಲ್ಲ, ಅವರೇ ಬೇಡ ಎಂದಿದ್ದಾರೆ. ಬೇಕಾದವರು ನನ್ನನ್ನು ಕೇಳಿ.

ಐದರಲ್ಲಿ ಎಷ್ಟು ಎಂದು ಮೊದಲೇ ಹೇಳಬೇಕಾದರೆ ನಾಲ್ಕು. ಒಂದು ಕಳೆದದ್ದು ಯಾಕೆ ಎಂದು ಮುಂದೆ ಬರುತ್ತದೆ.

ನಮ್ಮ ಹೋಟೆಲ್ ಮುಂಬೈಯ ಚೆಂಬೂರಿನಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿ. ಶುದ್ಧ ಶಾಕಾಹಾರಿ, ಒಟ್ಟು 34 ಜನ ಕೆಲಸದವರು. ಮೊದಲು ಎಲ್ಲರೂ ಕುಂದಾಪುರ, ಬೈಂದೂರು, ಕಾರ್ಕಳದ ಕಡೆಯವರೇ ಇದ್ದರು. ಈಗ ಅಡುಗೆಯ ಭಟ್ರು, ಇಬ್ಬರು ಹಳೇ ಸಪ್ಲೈಯರ್‌ಗಳು, ಮ್ಯಾನೇಜರ್ ಬಿಟ್ಟರೆ ಉಳಿದವರು ಒಡಿಶಾ, ಬಿಹಾರ, ನೇಪಾಳದ ಹುಡುಗರು. 2023ರ ದೀಪಾವಳಿಯಿಂದ ಮುಂದಿನ ಮಳೆಗಾಲದ ಒಳಗೆ 19 ಜನ ಬಿಟ್ಟು ಹೋದರು. ಒಬ್ಬ ಸಪ್ಲೈಯರ್ ಗಿರಾಕಿಯ ಎದುರು ಸಾಂಬಾರ್ ಬಟ್ಟಲು ಕುಕ್ಕಿ, "ತಿನ್ನುವುದಾದರೆ ತಿನ್ನಿ" ಎಂದ. ಭಟ್ರು ಕ್ಲೀನರ್ ಹುಡುಗನ ಮೇಲೆ ಸೌಟು ಎಸೆದರು. ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ಮೊಬೈಲ್ ಹಾಳು ಮಾಡಿತು ಎಂದು ನಾನು ಗಲ್ಲಾದಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದೆ.

ಐರೋಲಿಯಲ್ಲಿ ಐಟಿ ಕೆಲಸ ಮಾಡುವ ಮಗಳು ಆಗ ಒಂದು ಕಂಪನಿಯ ಆ್ಯಪ್ ತೋರಿಸಿದಳು. ಆರು ತಿಂಗಳಿಗೆ 48,000 ಕೊಟ್ಟೆ. ಮೊಬೈಲಿನಲ್ಲಿ ಧ್ಯಾನ, ಉಸಿರಾಟ, ಸಮುದ್ರದ ಸದ್ದು, ಎಲ್ಲ ಇಂಗ್ಲಿಷಿನಲ್ಲಿ. ನಮ್ಮಲ್ಲಿ ತೆರೆದು ನೋಡಿದವರು ಒಟ್ಟು ನಾಲ್ಕು. ಅದರಲ್ಲೊಬ್ಬ ನಾನು. ದೋಸೆ ಕಾವಲಿಯ ಮುಂದೆ ನಿಂತವನಿಗೆ ಆಳವಾಗಿ ಉಸಿರೆಳೆ ಎಂದರೆ ಒಗ್ಗರಣೆ ಘಾಟು ಮೂಗಿಗೆ ಹೋಗುತ್ತದೆ, ಅಷ್ಟೇ.

ಮೇಡಂ ಸಿಕ್ಕಿದ್ದು ಅದಾದ ಮೇಲೆ, ಪರಿಚಯದವರೊಬ್ಬರ ಮೂಲಕ. ಧಾರವಾಡದವರು, ಮುಂಬೈಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕೆಲಸದ ಜಾಗದಲ್ಲಿ ಮನುಷ್ಯ ಹೇಗಿರುತ್ತಾನೆ ಎನ್ನುವುದೇ ಅವರ ವಿಷಯ. ಆ್ಯಪಿನ ಕಥೆ ಹೇಳಿದೆ, ನಕ್ಕರು. ಬ್ರಿಟನ್ನಿನಲ್ಲಿ 233 ಸಂಸ್ಥೆಗಳ 46,336 ನೌಕರರ ಲೆಕ್ಕ ತೆಗೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಗಿತ್ತಂತೆ. ಧ್ಯಾನದ ಆ್ಯಪು, ಒತ್ತಡ ನಿಭಾಯಿಸುವ ತರಬೇತಿ ಇಂಥದ್ದರಲ್ಲಿ ಸೇರಿದವರೂ ಸೇರದವರೂ ಹೆಚ್ಚುಕಮ್ಮಿ ಒಂದೇ ಥರ ಇದ್ದರಂತೆ. "ಮಂದಿನ್ನ ರಿಪೇರಿ ಮಾಡ್ಲಿಕ್ಕೆ ನಾ ಬರಂಗಿಲ್ರೀ ಶೆಟ್ರ. ಕೆಲಸ ರಿಪೇರಿ ಮಾಡೂದಿದ್ರ ಹೇಳ್ರಿ" ಎಂದರು. ಮೂರು ತಿಂಗಳಿಗೆ 70,000, ಎರಡು ಕಂತು. ಒಂದು ಷರತ್ತು ಮಾತ್ರ ಕಾಗದದ ಮೇಲೆ ಬರೆಸಿಕೊಂಡರು: ಯಾರು ಏನು ಹೇಳಿದರು ಎಂದು ನಾನು ಕೇಳಕೂಡದು.

ಮೊದಲ ದಿನ ಗಲ್ಲಾದ ಪಕ್ಕ ಒಳ್ಳೆಯ ಕುರ್ಚಿ ಹಾಕಿಸಿ, ಫ್ಯಾನ್ ತಿರುಗಿಸಿ ಇಟ್ಟಿದ್ದೆ. ಅವರು ಅದನ್ನು ನೋಡಲೂ ಇಲ್ಲ. ಒಳಗೆ ಹೋಗಿ ಪಾತ್ರೆ ತೊಳೆಯುವ ಮೋರಿಯ ಪಕ್ಕ ಒಂದು ಸ್ಟೂಲು ಎಳೆದು ಕೂತರು. ನೂಲಿನ ಸೀರೆ, ಕೈಯಲ್ಲಿ ಪುಸ್ತಕ, ಮೊಣಕೈಯವರೆಗೆ ನೀರು ಸಿಡಿಯುವ ಜಾಗ. ಎಂಟು ದಿನ ಹಾಗೆಯೇ ಬಂದರು, ಬೆಳಗ್ಗೆ ಎಂಟೂವರೆಯ ಗದ್ದಲಕ್ಕೆ, ಮಧ್ಯಾಹ್ನದ ಊಟಕ್ಕೆ, ರಾತ್ರಿಗೆ. ತಿಂದ ಇಡ್ಲಿಗೆ, ಕುಡಿದ ಕಾಫಿಗೆ ಪ್ರತಿ ಸಲ ಬಿಲ್ ಕೊಟ್ಟರು. ನಾನು ಬೇಡ ಎಂದರೆ, "ಬಿಟ್ಟಿ ತಿಂದ್ರ ನಿಮ್ಮ ಕಡೆ ವಾಲ್ತದರೀ ಮನಸು" ಎಂದರು. ಈ ಮಾತು ಕೇಳಿ ನಮ್ಮ ಹಳೇ ಸಪ್ಲೈಯರ್ ಅಂದಿನಿಂದ ಅವರನ್ನು ಅಕ್ಕ ಎಂದು ಕರೆಯತೊಡಗಿದ.

ಒಂಬತ್ತನೆಯ ದಿನ ಪ್ರಶ್ನಾವಳಿ ಬಂತು. ಇದು ನನ್ನ ಮೊದಲ ದೂರು. ಕನ್ನಡ ಪ್ರತಿ ಯಾರೋ ವಿದ್ಯಾರ್ಥಿಗಳು ಅನುವಾದ ಮಾಡಿದ್ದಂತೆ. "ನಿಮ್ಮ ಕಾರ್ಯನಿರ್ವಹಣೆಯಲ್ಲಿ ನಿಮಗೆ ಎಷ್ಟರಮಟ್ಟಿಗೆ ಸ್ವಾಯತ್ತತೆ ಇದೆ?" ಭಟ್ರು ಎರಡು ಸಲ ಓದಿ ನನ್ನ ಹತ್ತಿರ ಬಂದರು. "ಸ್ವಾಯತ್ತತೆ ಅಂದ್ರೆ ಎಂತ? ಊರಿನ ಜಮೀನಿಂದಾ?" ಹಿಂದಿ ಪ್ರತಿಯ ಗತಿಯೂ ಅದೇ. ಮೇಡಂ ನಾಚಿಕೊಳ್ಳಲಿಲ್ಲ, ಕಾಗದ ಎಲ್ಲ ವಾಪಸ್ ತೆಗೆದುಕೊಂಡು ಬಾಯಲ್ಲಿ ಕೇಳಿದರು. "ಮಧ್ಯಾಹ್ನ ಎಷ್ಟಕ್ಕ ಉಣಬೇಕು ಅಂತ ಯಾರು ನಿರ್ಧಾರ ಮಾಡ್ತಾರ? ನೀವೋ, ಬ್ಯಾರೆಯವರೋ?" ಆಗ ಉತ್ತರ ಬಂತು ನೋಡಿ. 34ರಲ್ಲಿ 29 ಜನ ಬೇರೆಯವರು ಎಂದರು. ಉಂಡದ್ದು ಯಾವಾಗಲೂ ತಣ್ಣಗಾದ ಮೇಲೆ ಎಂದು ಕೇಳದೆಯೇ ಸೇರಿಸಿದರು. ಹೋಟೆಲಿನಲ್ಲಿ ಕೆಲಸ, ಬಿಸಿ ಅನ್ನ ಇಲ್ಲ!

ಸಂಜೆ ನಾಲ್ಕಕ್ಕೆ ಹೋಟೆಲ್ ಖಾಲಿ ಇರುವಾಗ ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತ ಅವರು ನನಗೂ ಸ್ವಲ್ಪ ಪಾಠ ಹೇಳುತ್ತಿದ್ದರು. ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲೇ ಬರೆದದ್ದಂತೆ, ಕೆಲಸ ಹೆಚ್ಚಾದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ, ಕೆಲಸ ಹೆಚ್ಚು ಆದರೆ ಹಿಡಿತ ಮಾತ್ರ ತನ್ನದಲ್ಲ ಎಂದಾದಾಗ ಕುಸಿಯುತ್ತಾನೆ. ನಾನು ಹೇಳಿದೆ, ಅಂದ್ರೆ ಉರಿ ನನಗೆ, ಸೌಟು ಇನ್ನೊಬ್ಬನ ಕೈಯಲ್ಲಿ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಪ್ರೊಫೆಸರ್ ಒಬ್ಬರು ನನ್ನ ಮಾತು ಬರೆದುಕೊಂಡದ್ದು ಜನ್ಮದಲ್ಲಿ ಅದೇ ಮೊದಲು.

ಬಟ್ಟಲು ಕುಕ್ಕಿದ ಸಪ್ಲೈಯರ್ ವಿಷಯವೂ ಹಾಗೆಯೇ ಬಂತು. ಬರ್ನ್‌ಔಟ್ ಎಂದು ಈಗ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಅಳೆಯಲು ಕ್ರಿಸ್ಟೀನಾ ಮ್ಯಾಸ್ಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1981ರಲ್ಲಿ ಒಂದು ಮಾಪನ ಮಾಡಿದ್ದಾರೆ. ಮೂರು ಸಂಗತಿ ನೋಡುತ್ತಾರೆ: ಒಳಗಿನಿಂದ ಬತ್ತಿಹೋದ ಸುಸ್ತು, ಎದುರಿಗಿರುವವರ ಮೇಲೆ ಅಸಡ್ಡೆ, ನನ್ನಿಂದ ಏನೂ ಆಗುತ್ತಿಲ್ಲ ಎನ್ನುವ ಭಾವ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದು ಕಾಯಿಲೆ ಅಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ಸ್ಪಷ್ಟ ಮಾಡಿದೆ. ಆ ಹುಡುಗ ಗಿರಾಕಿಗಳನ್ನು ಮನುಷ್ಯರು ಎಂದು ಹೇಳುವುದನ್ನೇ ಬಿಟ್ಟಿದ್ದ ಎಂದು ನನಗೆ ಆಗ ನೆನಪಾಯಿತು. "ಆರು ನಂಬರ್ ಕಿರಿಕಿರಿ ಮಾಡ್ತಾ ಉಂಟು", "ಹನ್ನೊಂದು ನಂಬರ್ ಹೋಗ್ಲಿಲ್ಲ ಇನ್ನೂ". ನಾವೆಲ್ಲ ಹಾಗೆಯೇ ಮಾತಾಡುತ್ತೇವೆ, ನಿಜ. ಆದರೆ ಅವನ ಮುಖ ಬೇರೆ ಇತ್ತು.

ಮೇಡಂ ಈ ದಾರಿಗೆ ಬಂದದ್ದು ಹೇಗೆ ಎಂದು ಒಂದು ಸಂಜೆ ಕೇಳಿದೆ. 1983ರಲ್ಲಿ ಮದುವೆಯಾಗಿ ಮುಂಬೈಯ ಲಾಲ್‌ಬಾಗಿನ ಒಂದು ಚಾಳಿಗೆ ಬಂದರಂತೆ. ಅದರ ಹಿಂದಿನ ವರ್ಷ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳುತನದಲ್ಲಿ ಬಟ್ಟೆ ಮಿಲ್ ಮುಷ್ಕರ ಶುರುವಾಗಿತ್ತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ. ಹೊಸ ಸೊಸೆ ಗ್ಯಾಲರಿಯಲ್ಲಿ ನಿಂತು ನೋಡಿದರೆ ಕೆಳಗೆ ಗಂಡಸರು ಮೆಲ್ಲಗೆ ನಡೆಯುತ್ತಿದ್ದರಂತೆ. ಹೋಗಬೇಕಾದ ಜಾಗ ಇಲ್ಲದವರ ನಡಿಗೆ. ಎಂಎ ಓದುವಾಗ ಮರೀಂಥಾಲ್ ಎಂಬ ಆಸ್ಟ್ರಿಯದ ಹಳ್ಳಿಯ ಬಗ್ಗೆ ಓದಿದ್ದರು. ಅಲ್ಲಿನ ಬಟ್ಟೆ ಕಾರ್ಖಾನೆ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಾಗ, ಮರಿ ಯಹೋದಾ ಮತ್ತು ಜೊತೆಗಾರರು ಬೀದಿಯಲ್ಲಿ ಹೋಗುವವರ ನಡಿಗೆಯ ವೇಗ ಕೂಡ ಅಳೆದು 1933ರಲ್ಲಿ ಪ್ರಕಟಿಸಿದರು. ಗಂಡಸರು ನಿಂತು ನಿಂತು, ನಿಧಾನಕ್ಕೆ ನಡೆಯುತ್ತಿದ್ದರು. ಸಮಯ ರಾಶಿ ಬಿದ್ದಿತ್ತು, ಅದರಿಂದ ಏನೂ ಮಾಡಲಾಗುತ್ತಿರಲಿಲ್ಲ. "ಪುಸ್ತಕದಾಗ ಓದಿದ್ದು ನಮ್ಮ ಗ್ಯಾಲರಿ ಕೆಳಗ ನಡಿಯಾಕತ್ತಿತ್ರೀ" ಎಂದರು. ಪಿಎಚ್‌ಡಿ ಅದರ ಮೇಲೆಯೇ, ಮಿಲ್ ಮುಚ್ಚಿ ಕೆಲಸ ಹೋದವರ ಮನೆಗಳ ಮೇಲೆ. ಎರಡು ಮಕ್ಕಳನ್ನು ಸಾಕುತ್ತ ಏಳು ವರ್ಷ ಹಿಡಿಯಿತಂತೆ.

ಅಷ್ಟಾದರೂ ಖಾಯಂ ಕೆಲಸ ಬೇಗ ಸಿಗಲಿಲ್ಲ. ಆರು ವರ್ಷ ಕ್ಲಾಕ್ ಅವರ್ ಬೇಸಿಸ್, ಅಂದರೆ ಪಾಠ ಮಾಡಿದ ಗಂಟೆಗೆ ಮಾತ್ರ ಸಂಬಳ, ಬೇಸಿಗೆ ರಜೆಗೆ ಸೊನ್ನೆ. ಎರಡು ಕಾಲೇಜು, ಎರಡು ಲೈನಿನ ಲೋಕಲ್. ಕೆಲಸದ ಭದ್ರತೆ ಬಗ್ಗೆ ಪಾಠ ಮಾಡಿ, ಮುಂದಿನ ಜೂನಿಗೆ ತಾನಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆ ರೈಲು ಹತ್ತುವುದು. ನಮ್ಮ ನೇಪಾಳಿ ಹುಡುಗ ಇದನ್ನು ಕೇಳಿ, "ಆಪ್ ಭೀ ಹಮಾರೇ ಜೈಸೇ ಥೇ", ನೀವೂ ನಮ್ಮ ಹಾಗೆಯೇ ಇದ್ದಿರಿ ಎಂದ. ಅವರು ಹೌದು ಎಂದು ತಲೆಯಾಡಿಸಿದರು, ಸುಮ್ಮನೆ ಸಮಾಧಾನಕ್ಕೆ ಅಲ್ಲ. ಆಮೇಲೆ ವಿಶ್ವವಿದ್ಯಾಲಯ, ಸಂಶೋಧನಾ ಲೇಖನ, ವಿದ್ಯಾರ್ಥಿಗಳ ಥೀಸಿಸ್ಸು, ಬಡ್ತಿಗೆ ಅಂಕ ಕೂಡಿಸುವ ಫಾರ್ಮು. ಆ ಭಾಗ ಅವರೂ ಬೇಗ ಮುಗಿಸಿದರು.

ಒಂದು ಮಾತ್ರ ಹೆಮ್ಮೆಯಿಂದ ಹೇಳಿದರು. ನಮ್ಮವರಲ್ಲಿ ಮನಶ್ಶಾಸ್ತ್ರ ಹೊಸತಲ್ಲ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಈ ವಿಭಾಗ ಕಟ್ಟಿದವರು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ ಎಂದು. ರೇಡಿಯೋ ಮಾಡಿದ್ದು ಮನಸ್ಸಿನ ಮೇಷ್ಟ್ರು ಎಂದು ನನಗೆ ಗೊತ್ತೇ ಇರಲಿಲ್ಲ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಒಂದು ತಿಂಗಳಾದ ಮೇಲೆ ಮೊದಲ ಸಲ ಕೂತು ಲೆಕ್ಕ ಒಪ್ಪಿಸಿದರು. ಮಧ್ಯಾಹ್ನ ಮೂರೂವರೆಯಿಂದ ಐದೂವರೆ ನಮ್ಮಲ್ಲಿ ವಿಶ್ರಾಂತಿ. ಆ ಎಂಟು ದಿನಗಳಲ್ಲಿ ಒಂದು ದಿನವೂ ಆ ವಿಶ್ರಾಂತಿ ಪೂರ್ತಿ ಸಿಕ್ಕಿಲ್ಲ. ಈರುಳ್ಳಿ ಸುಲಿಯಲಿಕ್ಕೆ, ತೆಂಗಿನಕಾಯಿ ತುರಿಯಲಿಕ್ಕೆ, ಗ್ಯಾಸ್ ಸಿಲಿಂಡರ್ ಎತ್ತಲಿಕ್ಕೆ ಯಾರನ್ನಾದರೂ ಕರೆಯುತ್ತಲೇ ಇದ್ದೆವು. ಯಾರನ್ನು ಕರೆಯುತ್ತಾರೆ ಎಂದು ಗೊತ್ತಿಲ್ಲದ್ದರಿಂದ ಯಾರೂ ಮಲಗುವುದಿಲ್ಲ. ಒಡೆದ ಗ್ಲಾಸಿಗೆ ಟಿಪ್ಸ್ ಡಬ್ಬಿಯಿಂದ ಕಳೆಯುತ್ತಿದ್ದೆ. ಊರಿಗೆ ರಜೆ ಕೇಳಿದರೆ ಆ ಹೊತ್ತಿನ ನನ್ನ ಮನಸ್ಸಿನ ಮೇಲೆ. ವಾರಕ್ಕೆ 48 ಗಂಟೆ, ಒಂದು ರಜೆ ಎಂದು ಕಾನೂನು ಇರುವುದು ನನಗೂ ಗೊತ್ತು. ನಮ್ಮ ಲೈನಿನಲ್ಲಿ ಅದನ್ನು ಎಷ್ಟು ಜನ ಪಾಲಿಸುತ್ತಾರೆ ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ.

ನನಗೆ ಸಿಟ್ಟು ಬಂತು. ನಾನು 1980ರಲ್ಲಿ ಹದಿನಾಲ್ಕನೆಯ ವಯಸ್ಸಿಗೆ ಬಂದವನು. ಆಗ ಕೊಂಕಣ ರೈಲು ಇರಲಿಲ್ಲ, ಬಸ್ಸಿನಲ್ಲಿ ವಾಂತಿ ಮಾಡುತ್ತ ಬಂದೆ. ಫೋರ್ಟಿನಲ್ಲಿ ಕ್ಲೀನರ್ ಕೆಲಸ, ರಾತ್ರಿ ಕನ್ನಡ ಶಾಲೆ, ಹನ್ನೊಂದಕ್ಕೆ ಬಂದು ಟೇಬಲ್ ಜೋಡಿಸಿ ಅದರ ಮೇಲೆ ನಿದ್ದೆ. ಹತ್ತನೇ ಕ್ಲಾಸ್ ಹಾಗೆಯೇ ಪಾಸಾದೆ. ಸೇಟು ಹೊಡೆದದ್ದೂ ಉಂಟು. "ನಾವು ಕಷ್ಟ ಪಡ್ಲಿಲ್ವಾ ಮೇಡಂ? ಈಗ ಹೋಟೆಲ್ ಆಗ್ಲಿಲ್ವಾ?" ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ನಿಮ್ಮ ಜೋಡಿ ಆ ಹೋಟೆಲಿನಾಗ ಎಷ್ಟು ಹುಡುಗರಿದ್ರಿ?"

"ಹನ್ನೊಂದು."

"ಅವರೊಳಗ ಹೋಟೆಲ್ ಇಟ್ಟವರು ಎಷ್ಟು ಮಂದಿ?"

ಬೆರಳು ಮಡಚಿದೆ. ನಾನು. ಥಾಣೆಯಲ್ಲಿ ಇನ್ನೊಬ್ಬ. ಮೂರನೆಯ ಬೆರಳಿಗೆ ಹೆಸರು ಬರಲಿಲ್ಲ. ಇಬ್ಬರು ಕುಡಿದು ಹೋದರು. ಒಬ್ಬನಿಗೆ ಟಿಬಿ ಆಗಿ ಊರಿಗೆ ಕಳಿಸಿದೆವು. ನನ್ನ ಪಕ್ಕದ ಟೇಬಲ್ಲಿನಲ್ಲಿ ಮಲಗುತ್ತಿದ್ದ ಹೆಬ್ರಿ ಕಡೆಯ ಹುಡುಗ, ಲೆಕ್ಕದಲ್ಲಿ ನನಗಿಂತ ಚುರುಕು, ಅವನು ಒಂದು ದಿನ ಶಾಲೆಯಿಂದ ವಾಪಸ್ ಬರಲೇ ಇಲ್ಲ. ನಲವತ್ತು ವರ್ಷದಲ್ಲಿ ಅವನನ್ನು ನಾನು ನೆನೆದೇ ಇರಲಿಲ್ಲ. ಮೇಡಂ ಇನ್ನೇನೂ ಕೇಳಲಿಲ್ಲ. ಬಿಲ್ ಕೊಟ್ಟು ಹೋದರು.

ಮರುದಿನದಿಂದ ನಾನು ವಾದ ಕಡಿಮೆ ಮಾಡಿದೆ.

ಅವರು ಹಿಡಿದ ದೊಡ್ಡ ವಿಷಯ ಗ್ರೈಂಡರ್. ಒಂದು ದಿನ, ನಾಲ್ಕೂವರೆಗೆ ಬರ್ತೇನೆ ಎಂದರು. ಸಂಜೆ ಎಂದುಕೊಂಡೆ, ಬೆಳಗಿನ ಜಾವ ಬಂದರು. ಹುಡುಗರು ಮಲಗುವುದು ಅಡುಗೆಮನೆ ಮೇಲಿನ ಅಟ್ಟದಲ್ಲಿ. ರಾತ್ರಿ ಪಾತ್ರೆ ತೊಳೆದು ಮುಗಿಸುವವರು ಮಲಗುವಾಗ ಒಂದು ಗಂಟೆ. ನಾಲ್ಕೂವರೆಗೆ ಅಟ್ಟದ ಸರಿಯಾಗಿ ಕೆಳಗೆ ಚಟ್ನಿ ಗ್ರೈಂಡರ್ ಶುರು. ಅವರು ಏಣಿ ಹತ್ತಿ, ಹಲಗೆಯ ಮೇಲೆ ಅಂಗೈ ಇಟ್ಟು ನನಗೂ ಇಡಲು ಹೇಳಿದರು. ಹಲಗೆ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷ ಆ ಹೋಟೆಲಿಗೆ ಯಜಮಾನ ನಾನು, ಆ ಹಲಗೆ ಮುಟ್ಟಿರಲಿಲ್ಲ. ರಾತ್ರಿ ಪಾಳಿಯ ಹುಡುಗರೇ ಹೆಚ್ಚು ಬಿಟ್ಟು ಹೋದದ್ದು, ಅವರೇ ಹೆಚ್ಚು ಗ್ಲಾಸ್ ಒಡೆದದ್ದು. ಗ್ರೈಂಡರನ್ನು ಹಿಂದಿನ ಗೋಡೆಗೆ ಸಾಗಿಸಲು ವಯರಿಂಗ್, ಕಲ್ಲು, ಕೂಲಿ ಸೇರಿ 18,500 ಆಯಿತು. ಮೇಡಂ ಫೀಸಿನ ಮೇಲೆ ಇಂಥದ್ದರ ಖರ್ಚೂ ಬರುತ್ತದೆ, ಕರೆಯುವವರು ಇದನ್ನು ಬಜೆಟ್ಟಿನಲ್ಲಿ ಹಾಕಿಕೊಳ್ಳಿ.

ಇನ್ನೊಂದು ಬದಲಾವಣೆಯ ಮೂಲ ಅಹಮದಾಬಾದು. ಅಲ್ಲಿನ ಕ್ಯಾಲಿಕೋ ಮಿಲ್ಲಿಗೆ 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಎಂಬ ಸಂಶೋಧನಾ ಸಂಸ್ಥೆಯ ಎ.ಕೆ. ರೈಸ್ ಬಂದಿದ್ದರಂತೆ. ಹೊಸ ಸ್ವಯಂಚಾಲಿತ ಮಗ್ಗ ತಂದರೂ ಉತ್ಪಾದನೆ ಏರಿರಲಿಲ್ಲ. ಒಬ್ಬೊಬ್ಬನಿಗೆ ಒಂದೊಂದು ತುಂಡು ಕೆಲಸ ಇದ್ದದ್ದನ್ನು ಬಿಟ್ಟು, ಒಂದಿಷ್ಟು ಮಗ್ಗಕ್ಕೆ ಒಂದು ಗುಂಪು ಎಂದು ಮಾಡಿದಾಗ ಬಟ್ಟೆ ಹೆಚ್ಚಿತು, ಹಾಳಾಗುವುದು ತಗ್ಗಿತು. ನಮ್ಮಲ್ಲಿ ಸಪ್ಲೈಯರ್‌ಗೆ ಕೂಗುವವರು ಮೂವರು: ಮ್ಯಾನೇಜರ್, ಭಟ್ರು, ಗಿರಾಕಿ. ಕ್ಲೀನರ್‌ಗೆ ಎಲ್ಲರೂ. ಮೇಡಂ ಗಿರಾಕಿಗಳು ಕೂರುವ ಹಾಲ್ ಅನ್ನು ಮೂರು ಭಾಗ ಮಾಡಿಸಿದರು. ಒಂದೊಂದು ಭಾಗಕ್ಕೆ ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್. ಊಟಕ್ಕೆ ಯಾರು ಯಾವಾಗ ಹೋಗಬೇಕು ಎಂದು ಆ ಮೂವರೇ ಮಾತಾಡಿಕೊಳ್ಳಬೇಕು. ಮುಂದಿನ ವಾರದ ಪಾಳಿ ಶನಿವಾರವೇ ಗೋಡೆಗೆ. ಮಧ್ಯಾಹ್ನದ ಈರುಳ್ಳಿಗೆ ಬೇರೆ ಇಬ್ಬರು, ಅವರ ವಿಶ್ರಾಂತಿ ಬೇರೆ ಹೊತ್ತಿಗೆ. ಮೊದಲ ವಾರ ಪೂರ್ತಿ ಗೊಂದಲ. ಮ್ಯಾನೇಜರ್‌ಗೆ ಕೂಗಲು ಏನೂ ಉಳಿಯದೆ ಪಾಪ ಬೇಜಾರಾದ. ಎರಡನೇ ವಾರ ಸರಿಹೋಯಿತು. ಟಿಪ್ಸ್ ಡಬ್ಬಿಗೆ ನಾನು ಕೈ ಹಾಕುವುದನ್ನು ನಿಲ್ಲಿಸಿದೆ.

ಒಂದನ್ನು ಮಾತ್ರ ನಾನು ಒಪ್ಪಲಿಲ್ಲ. ಅಡುಗೆಮನೆಯ ಕ್ಯಾಮೆರಾ. ಅದರ ಚಿತ್ರ ನನ್ನ ಮೊಬೈಲಿಗೆ ಬರುತ್ತದೆ, ರಾತ್ರಿ ಮನೆಯಿಂದ ಫೋನ್ ಮಾಡಿ "ಆ ಬರ್ನರ್ ಆಫ್ ಮಾಡು" ಎನ್ನುತ್ತಿದ್ದೆ. ಅದನ್ನು ತೆಗೆಯಿರಿ ಎಂದರು. ಬೆಂಕಿ ಇರುವ ಜಾಗ, ತೆಗೆಯುವುದಿಲ್ಲ ಎಂದೆ. ಫೋನ್ ಮಾಡುವುದು ಬಿಟ್ಟಿದ್ದೇನೆ. ನೋಡುವುದು ಬಿಟ್ಟಿಲ್ಲ.

ನನ್ನ ಉಳಿದ ದೂರುಗಳು. ವರದಿ ಐದು ವಾರ ತಡ. ಬಂದದ್ದು 42 ಪುಟ, ಇಂಗ್ಲಿಷ್, ಗ್ರಾಫು. ಮಗಳೂ ಹನ್ನೆರಡನೇ ಪುಟಕ್ಕೆ ಕೈಬಿಟ್ಟಳು. ಕನ್ನಡದಲ್ಲಿ ಕೊಡಿ ಎಂದು ಹಟ ಹಿಡಿದ ಮೇಲೆ ನಾಲ್ಕು ಪುಟ ಬಂತು, ಈಗ ಗೋಡೆಯ ಮೇಲಿರುವುದು ಅದೇ. ಜೀವನವಿಡೀ ಪ್ರೊಫೆಸರುಗಳಿಗೇ ಬರೆದು ರೂಢಿ, ನಮ್ಮಂಥವರಿಗೆ ಮೊದಲೇ ನಾಲ್ಕು ಪುಟ ಬರೆಯಬೇಕು. ಇನ್ನೊಂದು, ಐದು ಜನಕ್ಕಿಂತ ಕಡಿಮೆ ಇರುವ ವಿಭಾಗದ ಅಂಕಿ ಬೇರೆಯಾಗಿ ಕೊಡುವುದೇ ಇಲ್ಲ, ಯಾರು ಹೇಳಿದ್ದೆಂದು ಗೊತ್ತಾಗುತ್ತದೆ ಎಂದು. ದೋಸೆ ಕಾವಲಿಯವರು ಮೂವರೇ, ಅವರಿಗೇನು ತೊಂದರೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಸಲ ಕೆದಕಿದೆ, ಬರೆದುಕೊಟ್ಟ ಕಾಗದ ತೋರಿಸಿದರು. ರಾತ್ರಿ ಎಂಟರ ಮೇಲೆ ಫೋನ್ ಎತ್ತುವುದಿಲ್ಲ, ಹೋಟೆಲಿನವರಿಗೆ ಬಿಡುವಾಗುವುದೇ ಹನ್ನೊಂದಕ್ಕೆ.

ಒಂದು ಸ್ಪಷ್ಟ ಇರಲಿ, ಇವರು ಚಿಕಿತ್ಸೆ ಕೊಡುವವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಬೇರೆ ಓದು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು ಎಂದು ಅವರೇ ಮೊದಲ ದಿನ ಹೇಳಿದರು. ನಮ್ಮಲ್ಲೊಬ್ಬ ಹುಡುಗ ವಾರಗಟ್ಟಲೆ ನಿದ್ದೆ ಇಲ್ಲದೆ, ಬದುಕೇ ಬೇಡ ಎನ್ನುವ ಮಾತಾಡಿದಾಗ, ಅವರು ತಾವೇ ಏನೂ ಮಾಡಲು ಹೋಗಲಿಲ್ಲ. ಪಕ್ಕದಲ್ಲಿ ಕೂತು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿಸಿ, ನಂತರ ಆಸ್ಪತ್ರೆಗೆ ಅವನ ಜೊತೆ ನನ್ನನ್ನೇ ಕಳಿಸಿದರು. 2022ರ ಅಕ್ಟೋಬರಿನಿಂದ ಇರುವ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರನ್ನು ಅಟ್ಟದ ಬಾಗಿಲಿಗೆ ಅಂಟಿಸಿದ್ದೇವೆ.

ಫಲ ಏನು ಎಂದು ಕೇಳುವವರಿಗೆ: ಆಮೇಲಿನ ಹನ್ನೆರಡು ತಿಂಗಳಲ್ಲಿ ಬಿಟ್ಟು ಹೋದವರು ಒಂಬತ್ತು. ಖುಷಿಯಲ್ಲಿ ಸ್ವೀಟ್ ಬಾಕ್ಸ್ ಹಿಡಿದು ಮೇಡಂ ಮನೆಗೆ ಹೋದರೆ ಅವರು ಅದಕ್ಕೂ ತಕರಾರು ತೆಗೆದರು. ನೀವು ಅದೇ ಹೊತ್ತಿಗೆ ಸಂಬಳ 1,500 ಏರಿಸಿದ್ರಿ, ಯಾವುದರಿಂದ ಎಷ್ಟು ಅಂತ ಹೇಗೆ ಹೇಳೋಣ ಎಂದರು. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳ ಕಥೆ ಹೇಳಿದರು. ದೀಪ ಹೆಚ್ಚಿಸಿದರೂ ತಗ್ಗಿಸಿದರೂ ಕೆಲಸ ಏರಿತು, ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆ ಎನ್ನುವುದರಿಂದಲೇ ಏರಿತು ಎಂದು ಬಹುಕಾಲ ಹೇಳಿದರಂತೆ, ಅದನ್ನೂ ಆಮೇಲಿನವರು ಪ್ರಶ್ನಿಸಿದರಂತೆ. ತನ್ನ ಕೆಲಸವನ್ನು ತಾನೇ ಇಷ್ಟು ಅನುಮಾನಿಸುವವರಿಗೆ ನಾನು ಹಿಂದೆ ಯಾವತ್ತೂ ದುಡ್ಡು ಕೊಟ್ಟಿರಲಿಲ್ಲ. ಸ್ವೀಟ್ ಬಾಕ್ಸ್ ಮಾತ್ರ ಇಟ್ಟುಕೊಂಡರು, ಕೆಲಸ ಮುಗಿದಿತ್ತಲ್ಲ.

ಕರೆಸುವವರು ಗಣಪತಿಯಿಂದ ದೀಪಾವಳಿಯವರೆಗೆ ಬಿಟ್ಟು ಕರೆಸಿ, ಆ ದಿನಗಳ ಗದ್ದಲ ಎಲ್ಲ ಲೆಕ್ಕ ಕೆಡಿಸುತ್ತದೆ. ಕನ್ನಡದಲ್ಲಿ ನಾಲ್ಕು ಪುಟ ಎಂದು ಮೊದಲೇ ಬರೆಸಿಕೊಳ್ಳಿ. ಮೋರಿ ಪಕ್ಕ ಒಂದು ಸ್ಟೂಲಿಗೆ ಜಾಗ ಮಾಡಿಡಿ. ನಮ್ಮದು ಇನ್ನೂ ಅಲ್ಲೇ ಇದೆ. ಮಧ್ಯಾಹ್ನ ನಾಲ್ಕಕ್ಕೆ ಕ್ಲೀನರ್ ಹುಡುಗ ಅದರ ಮೇಲೆ ಕೂತು ಮೊಬೈಲ್ ನೋಡುತ್ತಾನೆ. ನಾನು ಒಳಗೆ ಹೋದರೂ ಏಳುವುದಿಲ್ಲ. ನನಗೆ ಇನ್ನೂ ಸ್ವಲ್ಪ ಕಿರಿಕಿರಿ ಆಗುತ್ತದೆ.